ಅಪ್ಪ ಮತ್ತೆ ನಡೆಯುತ್ತಿದ್ದಾರೆ, ಎಲ್ಲರಿಗೂ ಕೈಮುಗಿಯುತ್ತೇನೆ

ಅಪ್ಪ ಈಗ ಕೋಲು ಹಿಡಿಯದೆ ಕೊಟ್ಟಿಗೆಯವರೆಗೂ ಹೋಗಿ ಬರುತ್ತಾರೆ. ಮಳೆಗಾಲದಲ್ಲಿ ಅವರು ಬಿದ್ದ ಸುದ್ದಿ ಕೇಳಿ ಓಡಿ ಬಂದವರು, ಫೋನ್ ಮಾಡಿದವರು, ಮನೆಗೆ ಊಟ ಕಳಿಸಿದವರು ತುಂಬಾ ಜನ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಹೊಸನಗರ ಕಡೆಯ ಅಡಿಕೆ ತೋಟಗಳಲ್ಲಿ ಕೊನೆಗಾರರು, ಅಂದರೆ ಮರ ಹತ್ತಿ ಗೊನೆ ಇಳಿಸುವವರು, ಔಷಧಿ ಹೊಡೆಯುವವರು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಪಾಚಿ ಹಿಡಿದ ಮರದಿಂದ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ನಮ್ಮ ಹತ್ತಿರ ಯಾವ ಇನ್ಶೂರೆನ್ಸೂ ಇರಲಿಲ್ಲ. ಮರ ಹತ್ತುವ ಕೂಲಿಯವರಿಗೆ ಕಂಪನಿ ನೌಕರರ ವಿಮೆಯಾದ ಇಎಸ್‌ಐ ಎಲ್ಲಿಂದ ಬರಬೇಕು? ಮೊದಲು ಹೋದ ಖಾಸಗಿ ಆಸ್ಪತ್ರೆ ಸರ್ಕಾರದ ಉಚಿತ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿ ಹೇಳಿದ ದುಡ್ಡು ಕೇಳಿ ಅಮ್ಮ ಬಳೆ ಅಡ ಇಡಲು ಹೊರಟಿದ್ದರು.

ತಡೆದದ್ದು ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕ. "ಬಿಪಿಎಲ್ ಕಾರ್ಡ್ ಇದೆಯಲ್ಲ, ಸುಮ್ನೆ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ ಕರ್ಕೊಂಡು ಹೋಗಿ. ಬಳೆ ಕೈಯಲ್ಲೇ ಇರಲಿ" ಎಂದು ಫೋನಿನಲ್ಲೇ ಗದರಿದರು. ಅಕ್ಕಾ, ಆ ಗದರಿಕೆಗೆ ನಮ್ಮ ಮನೆ ಯಾವತ್ತೂ ಋಣಿ. ತಕ್ಷಣ ಜೀಪು ಮಾಡಿಕೊಟ್ಟ ತೋಟದ ಯಜಮಾನರಿಗೂ ನಮಸ್ಕಾರ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಿಂದಲೂ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಹೆಸರು ಕೇಳಿದ್ದೆವು, ಅಷ್ಟೇ. ಅದನ್ನು ನಮ್ಮ ಕೈಗೆ ಮುಟ್ಟಿಸಿದ್ದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಯೋಜನೆಯ ಕಾಗದ ಪತ್ರ ನೋಡಿಕೊಳ್ಳುವ ಆರೋಗ್ಯ ಮಿತ್ರ ಹುಡುಗಿ. ಅಪ್ಪನ ಹೆಬ್ಬೆಟ್ಟು ಎಷ್ಟು ಒತ್ತಿದರೂ ಯಂತ್ರ ಹಿಡಿಯಲಿಲ್ಲ. ಮರ ಹತ್ತಿ ಹತ್ತಿ ಬೆರಳಿನ ಗೆರೆ ಸವೆದುಹೋಗಿದೆ, ಮೇಲೆ ಅಡಿಕೆ ಚೊಗರಿನ ಕಲೆ ಬೇರೆ. ಆ ಹುಡುಗಿ ಒದ್ದೆ ಬಟ್ಟೆ ತಂದು ಅವರ ಒಂದೊಂದೇ ಬೆರಳು ಒರೆಸಿ ನೋಡಿದಳು. ಆಗದಿದ್ದಾಗ ಕಣ್ಣಿನ ಗುರುತು ತೆಗೆದು ಕೆಲಸ ಮುಗಿಸಿದಳು. ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ಮಂಜೂರಾತಿ ಬಂತು, ಆಪರೇಷನ್ ಆಯ್ತು, ಕಾಲಿಗೆ ಹಾಕಿದ ರಾಡಿನ ಖರ್ಚೂ ಅದರಲ್ಲೇ ಸೇರಿತು. ಡಾಕ್ಟರ್, ನರ್ಸ್, ರಾತ್ರಿಯೆಲ್ಲ ಅಪ್ಪನನ್ನು ಮಗ್ಗುಲು ಬದಲಿಸುತ್ತಿದ್ದ ವಾರ್ಡಿನ ಆಯಾ, ನಿಮ್ಮೆಲ್ಲರಿಗೂ ಹೃದಯದಿಂದ ವಂದನೆ.

ನನಗೆ ಆಮೇಲೆ ಗೊತ್ತಾದದ್ದನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ರೇಷನ್ ಕಾರ್ಡ್, ಆಧಾರ್ ಎರಡೂ ಕೈಗೆ ಸಿಗುವಂತೆ ಇಟ್ಟಿರಿ. ಎರಡರಲ್ಲೂ ಹೆಸರು ಒಂದೇ ಥರ ಇರಲಿ. ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಇದ್ದರೆ ನೇರ ಹೋಗಬಹುದು. ಎಪಿಎಲ್‌ನವರಿಗೂ ಏನೂ ಇಲ್ಲ ಅಂತಲ್ಲ, ಯೋಜನೆಯ ದರದ ಶೇ. 30ರಷ್ಟು ಸಿಗುತ್ತದೆ, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಹಕಾರಿ ಸೊಸೈಟಿ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. 2018ರಲ್ಲಿ ನಿಂತದ್ದು 2022ರಲ್ಲಿ ಮತ್ತೆ ಶುರುವಾಯಿತು. ಆದರೆ ನೋಂದಣಿಗೆ ವರ್ಷದಲ್ಲಿ ಕೆಲವೇ ತಿಂಗಳು ಸಮಯ, ಸೆಕ್ರೆಟರಿಯವರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಕಾಗದ ಪತ್ರ ಸರಿ ಇದೆಯಾ ಅಂತ ಅನುಮಾನ ಇರುವ ಕೊನೆಗಾರರ ಮನೆಯವರು ನಮ್ಮಲ್ಲಿಗೆ ಬನ್ನಿ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ, ಕೂತು ನೋಡಿಕೊಡುತ್ತೇನೆ.