ಎಡಿನ್‌ಬರೋದ ಗೆಳೆಯನಿಗೆ, ಒಂದು ಸಿನಿಮಾ ನೋಡಿದ ಮೇಲೆ

ಪ್ರೀತಿಯ ಸದಾನಂದ,

ಈ ಪತ್ರವನ್ನು ನಿನಗೊಬ್ಬನಿಗೇ ಬರೆದು ಕಳಿಸಬಹುದಿತ್ತು. ಆದರೂ ನಾಲ್ಕು ಜನ ಓದುವ ಕಡೆ ಇಡುತ್ತಿದ್ದೇನೆ. ಅಂದು ರಾತ್ರಿ ನನ್ನ ಜೊತೆ ಕುಳಿತು ಆ ಸಿನಿಮಾ ನೋಡಿದವರೂ ಇದನ್ನು ಓದಬೇಕು. ಅವರು ಕೇಳಿದ ಒಂದು ಪ್ರಶ್ನೆಗೆ ನಾನು ಅರ್ಧ ಉತ್ತರ ಮಾತ್ರ ಕೊಟ್ಟು ಎದ್ದು ಬಂದಿದ್ದೆ.

ಹೋದ ತಿಂಗಳು ಮೈಸೂರಿನಲ್ಲಿ ಪರಿಚಿತರೊಬ್ಬರ ಮನೆಯ ಮಹಡಿಯ ಮೇಲೆ ಹತ್ತು ಹನ್ನೆರಡು ಜನ ಸೇರಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ‘ಬರ್ಕ್ ಅಂಡ್ ಹೇರ್’ ನೋಡಿದೆವು. ಜಾನ್ ಲ್ಯಾಂಡಿಸ್ ನಿರ್ದೇಶಿಸಿ 2010ರಲ್ಲಿ ತೆರೆಕಂಡ, ಸೈಮನ್ ಪೆಗ್ ಮತ್ತು ಆ್ಯಂಡಿ ಸರ್ಕಿಸ್ ನಟಿಸಿದ ಕರಾಳ ಹಾಸ್ಯದ ಚಿತ್ರ. ಕತೆ ನಿನ್ನ ಊರಿನದು, ನೀನು ವಾರಕ್ಕೆರಡು ಬಾರಿ ದಾಟಿಹೋಗುವ ವೆಸ್ಟ್ ಪೋರ್ಟ್ ಬೀದಿಯದು; 1828ರಲ್ಲಿ ಅಲ್ಲಿ ಜನರನ್ನು ಕೊಂದು ಹೆಣಗಳನ್ನು ವೈದ್ಯಪಾಠದ ಶಾಲೆಗೆ ಮಾರಿದ ಬರ್ಕ್ ಮತ್ತು ಹೇರ್ ಎಂಬ ಇಬ್ಬರದು. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಸಹಿಸಿಕೋ, ಉಳಿದವರಿಗಾಗಿ ಹೇಳಲೇಬೇಕು.

ಸಿನಿಮಾ ಮುಗಿದ ಮೇಲೆ ಎದ್ದ ಮಾತುಗಳು ಸಿನಿಮಾದಷ್ಟೇ ಹೊತ್ತು ನಡೆದವು. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಹುಡುಗನಿಗೆ ಅದು ಸಾಕಷ್ಟು ಕರಾಳವಾಗಿಲ್ಲ ಎಂಬ ಸಿಟ್ಟು. ಕೊಲೆಯ ಕತೆಗೆ ಇಷ್ಟು ಸಕ್ಕರೆ ಏಕೆ ಬೆರೆಸಿದರು ಎಂದು ಅವನು ಕೇಳಿದ. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ಆಕ್ಷೇಪ ಇನ್ನೂ ಆಳದ್ದು. ಹದಿನಾರು ಜನರನ್ನು ಕೊಂದವನಿಗೆ ಒಂದು ಪ್ರೇಮಕಥೆ ಕಟ್ಟಿಕೊಟ್ಟು, ಹೆಂಗಸರೇ ಅಭಿನಯಿಸುವ ಒಂದು ಮ್ಯಾಕ್‌ಬೆತ್ ನಾಟಕಕ್ಕೆ ಹಣ ಹೊಂದಿಸಲು ಅವನು ಹೆಣ ಮಾರಿದ ಎಂದು ತೋರಿಸುವುದು, ಸತ್ತವರನ್ನು ಎರಡನೆಯ ಬಾರಿ ಮಾರಿದಂತೆ ಎಂದರು ಅವರು. ನಿಜದ ವಿಲಿಯಂ ಬರ್ಕ್ ಜೊತೆ ಬಾಳುತ್ತಿದ್ದವಳು ಹೆಲೆನ್ ಮೆಕ್‌ಡೌಗಲ್. ಚಿತ್ರದ ಪ್ರೇಯಸಿ ಕಲ್ಪನೆಯ ಹೆಣ್ಣು. ಮನೆಯೊಡೆಯರಿಗೆ ಮಾತ್ರ ಚಿತ್ರ ಬಹಳ ಹಿಡಿಸಿತ್ತು. ಹಂತಕರು ರಾಕ್ಷಸರಾಗಿರದೆ ಬಾಡಿಗೆಗೆ ಪರದಾಡುವ ಸಾಧಾರಣ ಮನುಷ್ಯರಾಗಿದ್ದಾರಲ್ಲ, ಹೆದರಬೇಕಾದದ್ದು ಅದಕ್ಕೇ ಎಂದರು. ನನಗೆ ಆ ಮಾತು ಸರಿಯೆನಿಸಿತು, ಈಗಲೂ ಸರಿಯೆನಿಸುತ್ತದೆ.

ಅಲ್ಲಿದ್ದ ವಕೀಲೆಯೊಬ್ಬರು ಒಂದು ತಪ್ಪನ್ನು ತಿದ್ದಿದರು. ಎಲ್ಲರೂ ಇವರನ್ನು ಹೆಣಗಳ್ಳರು ಎನ್ನುತ್ತಾರೆ, ಆದರೆ ಇವರಿಬ್ಬರು ಒಂದು ಗೋರಿಯನ್ನೂ ಅಗೆದವರಲ್ಲ. ಗೋರಿ ಅಗೆಯುವವರು ಬೇರೆಯೇ ಇದ್ದರು. ಅವರ ಕಾಟಕ್ಕೆ ಹೆದರಿ ಜನ ಗೋರಿಗಳ ಮೇಲೆ ಕಬ್ಬಿಣದ ಪಂಜರ ಹಾಕಿಸುತ್ತಿದ್ದರು, ಸ್ಮಶಾನದಲ್ಲಿ ರಾತ್ರಿ ಪಾಳಿ ಕಾಯುತ್ತಿದ್ದರು. ಗ್ರೇಫ್ರೈಯರ್ಸ್ ಸ್ಮಶಾನದಲ್ಲಿ ಅಂಥ ಪಂಜರದ ಪಕ್ಕ ನಿಂತು ನೀನು ತೆಗೆಸಿಕೊಂಡ ಫೋಟೋ ನನ್ನ ಬಳಿ ಇದೆ. ಆ ಕಾಲದ ಕಾನೂನಿನಲ್ಲಿ ಹೆಣ ಯಾರ ಆಸ್ತಿಯೂ ಅಲ್ಲದ್ದರಿಂದ ಅದನ್ನು ಒಯ್ದರೆ ಕಳವು ಎನಿಸುತ್ತಿರಲಿಲ್ಲ, ಮೈಮೇಲಿನ ಬಟ್ಟೆ ಒಯ್ದರೆ ಎನಿಸುತ್ತಿತ್ತು. ಬರ್ಕ್ ಮತ್ತು ಹೇರ್ ಮಾಡಿದ್ದು ಇದಕ್ಕಿಂತ ಸುಲಭದ ಕೆಲಸ. 1827ರ ನವೆಂಬರಿನಲ್ಲಿ ಹೇರ್‌ನ ವಸತಿಗೃಹದಲ್ಲಿದ್ದ ಒಬ್ಬ ಮುದುಕ 4 ಪೌಂಡ್ ಬಾಡಿಗೆ ಬಾಕಿ ಉಳಿಸಿ ತಾನಾಗಿ ಸತ್ತ. ಆ ದೇಹವನ್ನು ಅಂಗರಚನೆಯ, ಅಂದರೆ ಅನಾಟಮಿಯ, ಪಾಠ ಹೇಳುತ್ತಿದ್ದ ಡಾಕ್ಟರ್ ರಾಬರ್ಟ್ ನಾಕ್ಸ್ ಅವರ ಶಾಲೆಗೆ ಒಯ್ದಾಗ 7 ಪೌಂಡ್ 10 ಶಿಲಿಂಗ್ ಸಿಕ್ಕಿತು. ಬಾಕಿ ತೀರಿ ಮೇಲೆ ಹಣ ಉಳಿಯಿತು. ಆಮೇಲೆ ಸಾಯುವವರೆಗೆ ಕಾಯಲು ಅವರಿಗೆ ತಾಳ್ಮೆಯಿರಲಿಲ್ಲ; 1828ರ ಒಂದೇ ವರ್ಷದಲ್ಲಿ ಹದಿನಾರು ಜನರಿಗೆ ಕುಡಿಸಿ, ಉಸಿರುಗಟ್ಟಿಸಿ ಕೊಂದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಊರು ಬಿಟ್ಟು ಬಂದವರು, ಒಂದು ರಾತ್ರಿಯ ಹಾಸಿಗೆಗೆ ಕಾಸು ಹೊಂದಿಸುವವರು. ಕಾಣೆಯಾದರೆ ಹುಡುಕಿಕೊಂಡು ಯಾರೂ ಬರುವುದಿಲ್ಲ ಎಂದು ಕೊಲೆಗಾರರು ಲೆಕ್ಕ ಹಾಕಿದ್ದು ಇಂಥವರ ಬಗ್ಗೆ.

ಇಷ್ಟೆಲ್ಲ ಆದ ಮೇಲೆ ಮುಖ್ಯೋಪಾಧ್ಯಾಯಿನಿ ನನ್ನ ಕಡೆ ತಿರುಗಿದರು. ಇಡೀ ಕೋಣೆಯಲ್ಲಿ ನಾನೊಬ್ಬನೇ ವೈದ್ಯ, ಸಿನಿಮಾ ನಡೆಯುವಾಗ ಎಲ್ಲರಿಗಿಂತ ಹೆಚ್ಚು ನಕ್ಕವನೂ ನಾನೇ. “ಡಾಕ್ಟ್ರೇ, ನೀವು ಓದುವಾಗ ನಿಮಗೆ ಹೆಣ ಎಲ್ಲಿಂದ ಬರುತ್ತಿತ್ತು?” ಎಂದು ಕೇಳಿದರು.

ನಾನು ಗೊತ್ತಿದ್ದದ್ದನ್ನು ಹೇಳಿದೆ. ಬ್ರಿಟನ್ನಿನಲ್ಲಿ ಈ ಹಗರಣ, ಅದರ ಬೆನ್ನಿಗೆ ಲಂಡನ್ನಿನಲ್ಲಿ ಅಂಥದೇ ಇನ್ನೊಂದು ಹಗರಣ ಆದ ಮೇಲೆ, 1832ರಲ್ಲಿ ಅನಾಟಮಿ ಕಾಯ್ದೆ ಬಂತು. ಅಲ್ಲಿಂದ ಮುಂದೆ ಬಡವರ ಆಶ್ರಯಾಲಯಗಳಲ್ಲಿ ಸತ್ತು ಯಾರೂ ಕೇಳದ ದೇಹಗಳು ಮೆಡಿಕಲ್ ಶಾಲೆಗಳಿಗೆ ಹೋಗತೊಡಗಿದವು, ಹೆಣದ ಮಾರುಕಟ್ಟೆ ಮುಚ್ಚಿತು. ನಮ್ಮಲ್ಲಿ 1957ರ ಅನಾಟಮಿ ಕಾಯ್ದೆ ಇದೆ, ಅದರಲ್ಲೂ ವಾರಸುದಾರರಿಲ್ಲದ ಶವ ಎಂಬುದೇ ಮುಖ್ಯ ಮಾತು. ಈಗ ದೇಹದಾನ ಮಾಡುವವರು ಹೆಚ್ಚಿದ್ದಾರೆ ಎಂದೂ ಹೇಳಿದೆ. ಬೆಳಗಾವಿಯಲ್ಲಿ ಪ್ರಾಧ್ಯಾಪಕರೊಬ್ಬರು, ದಾನವಾಗಿ ಬಂದ ತಮ್ಮ ತಂದೆಯ ದೇಹವನ್ನು ತಾವೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದನ್ನು ನೆನಪಿಸಿದೆ. ಎಲ್ಲರೂ ತಲೆದೂಗಿದರು. ನಾನು ಊಟಕ್ಕೂ ನಿಲ್ಲದೆ ಮನೆಗೆ ಬಂದೆ.

ಬಂದವನು ನಿದ್ದೆ ಬಾರದೆ ಆ ಕತೆಯ ಉಳಿದ ಭಾಗವನ್ನು ಓದುತ್ತ ಕುಳಿತೆ. ಜೇಮ್ಸ್ ವಿಲ್ಸನ್ ಎಂಬ ಹುಡುಗನ ವಿಷಯ ನಿನಗೆ ಗೊತ್ತಿರಬಹುದು. 18ರ ಆಸುಪಾಸಿನ ವಯಸ್ಸು, ಬೆಳೆಯದ ಬುದ್ಧಿ, ಊನವಾದ ಪಾದ. ಎಡಿನ್‌ಬರೋದ ಬೀದಿಗಳಲ್ಲಿ ಅವನನ್ನು ಅರಿಯದವರಿರಲಿಲ್ಲ. 1828ರ ಅಕ್ಟೋಬರಿನಲ್ಲಿ ಅವನ ದೇಹ ನಾಕ್ಸ್ ಅವರ ಮೇಜಿಗೆ ಬಂದಾಗ ಹಲವು ವಿದ್ಯಾರ್ಥಿಗಳು ಕೂಡಲೇ ಗುರುತಿಸಿದರು. ನಾಕ್ಸ್ ಅವನಲ್ಲ ಎಂದರು. ಹುಡುಗ ಕಾಣೆಯಾದ ಸುದ್ದಿ ಊರಿನಲ್ಲಿ ಹರಡತೊಡಗಿದಾಗ, ಸರದಿಯಲ್ಲಿ ಮುಂಚೆ ಬರಬೇಕಿದ್ದ ದೇಹಗಳನ್ನು ಬಿಟ್ಟು ಇವನನ್ನೇ ಮೊದಲು ತೆಗೆದುಕೊಂಡರು. ಛೇದನ ಶುರುವಾಗುವ ಮುನ್ನ ತಲೆ ಮತ್ತು ಪಾದಗಳನ್ನು ಬೇರ್ಪಡಿಸಲಾಗಿತ್ತು. ಗುರುತು ಹಿಡಿಯಲು ಇದ್ದದ್ದು ಅವೆರಡೇ.

ಸದಾನಂದ, ಈ ಸಾಲಿಗೆ ಬಂದಾಗ ನನ್ನ ಕೈ ನಿಂತಿತು. ನಿನಗೆ ಏಕೆಂದು ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ನಿನಗೂ ಪೂರ್ತಿ ಗೊತ್ತಿಲ್ಲ.

ಮೆಡಿಕಲ್ ಕಾಲೇಜಿನ ಮೊದಲ ವರ್ಷ, ಹೆಣ ಛೇದಿಸುವ ಡಿಸೆಕ್ಷನ್ ಹಾಲ್‌ನ ನಾಲ್ಕನೆಯ ಟೇಬಲ್. ಎದೆ, ಕಂಕುಳು ಮುಗಿದು ಮುಂದೋಳಿಗೆ ಬಂದಿದ್ದೆವು. ಅದುವರೆಗೆ ಫಾರ್ಮಲಿನ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟಿದ್ದ ಎಡಗೈಯನ್ನು ಅಟೆಂಡರ್ ಬಿಚ್ಚಿ ಹೋದ. ಮಣಿಕಟ್ಟಿನ ಮೇಲ್ಗಡೆ ಹಸಿರು ಹಚ್ಚೆ: ಸಿದವ್ವ. ದಕಾರಕ್ಕೆ ಒತ್ತಿರಲಿಲ್ಲ. ನೀನು ನನ್ನ ಕಡೆ ನೋಡಿ, “ಲೇ, ಇದು ಛತ್ರಿ ಅಜ್ಜನ ಕೈ” ಎಂದೆ. ನಾನು, “ಸುಮ್ಮನಿರು, ಹಚ್ಚೆ ಯಾರ ಕೈಯಲ್ಲಿಲ್ಲ, ಸಿದ್ದವ್ವನ ಹೆಸರು ಊರಿಗೆ ನೂರು” ಎಂದೆ. ನೀನು ಸುಮ್ಮನಾದೆ. ಇಷ್ಟು ನಿನಗೆ ನೆನಪಿದೆ. ಒಮ್ಮೆ, ನಿನ್ನ ಮದುವೆಯ ಹಿಂದಿನ ರಾತ್ರಿ, ನೀನೇ ಈ ಮಾತು ತೆಗೆದು, ಅಂದು ನನಗೆ ಭ್ರಮೆಯಾಗಿತ್ತೇನೋ ಎಂದಿದ್ದೆ. ನಾನು ಆಗಲೂ ಹೌದೆಂದೆ.

ನಿನಗೆ ಭ್ರಮೆಯಾಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಜಗುಲಿಯಲ್ಲಿ ಅವನು ನಿನ್ನ ಛತ್ರಿಯ ಕಡ್ಡಿ ಕಟ್ಟುತ್ತಿದ್ದಾಗ ನಾನು ಪಕ್ಕದಲ್ಲಿ ಅರ್ಧ ಗಂಟೆ ಕುಳಿತಿದ್ದೆ. ಆ ಹಚ್ಚೆಯನ್ನು ಓದಿದ್ದೆ, ಒತ್ತು ಬಿಟ್ಟಿದೆಯಲ್ಲ ಅಜ್ಜ ಎಂದು ಕೇಳಿಯೂ ಇದ್ದೆ. ಚುಚ್ಚಿದವಳಿಗೆ ಓದು ಬರುತ್ತಿರಲಿಲ್ಲ, ನನಗೂ ಬರುವುದಿಲ್ಲ, ಸಿದ್ದವ್ವನಿಗಂತೂ ಮೊದಲೇ ಬರುತ್ತಿರಲಿಲ್ಲ ಎಂದು ಅವನು ನಕ್ಕಿದ್ದ. ಹೆಂಡತಿಯೋ ತಾಯಿಯೋ ಮಗಳೋ ಎಂದು ನಾನು ಕೇಳಲಿಲ್ಲ. ಟೇಬಲ್ಲಿನ ಮೇಲೆ ಆ ಕೈ ಕಂಡ ಕ್ಷಣದಲ್ಲಿಯೇ ನನಗೆ ತಿಳಿದಿತ್ತು, ನೀನು ಬಾಯಿ ತೆರೆಯುವ ಮೊದಲೇ ತಿಳಿದಿತ್ತು. ಅಂದು ಚರ್ಮ ಬಿಡಿಸುವ ಸರದಿ ನಿನ್ನದು. ನಾನು ಸ್ಕಾಲ್ಪೆಲ್ ಕಸಿದುಕೊಂಡು, ನಿನ್ನ ಕೈ ನಡುಗುತ್ತಿದೆ, ನಾನು ಮಾಡುತ್ತೇನೆ ಎಂದೆ. ಪಾಠದ ಕ್ರಮದಂತೆ ಮೊಣಕೈಯಿಂದ ಆರಂಭಿಸಬೇಕಿತ್ತು. ನಾನು ಮಣಿಕಟ್ಟಿನಿಂದ ಆರಂಭಿಸಿದೆ. ಹತ್ತು ನಿಮಿಷದಲ್ಲಿ ಸಿದವ್ವ ಇರಲಿಲ್ಲ.

ಬೇರೆ ಏನು ಮಾಡಬಹುದಿತ್ತು ಎಂದು ಈ ಒಂದು ತಿಂಗಳು ಯೋಚಿಸಿದ್ದೇನೆ. ಅಜ್ಜನನ್ನು ಯಾರೂ ಕೊಂದಿರಲಿಲ್ಲ. ಆಸ್ಪತ್ರೆಯಲ್ಲಿ ಸತ್ತಿರಬೇಕು, ಕಾಗದಪತ್ರ ಸರಿಯಾಗಿಯೇ ಇದ್ದಿರಬೇಕು. ಆದರೆ ಆ ಕಾಗದದ ಮೇಲೆ ಅಪರಿಚಿತ ಎಂದು ಬರೆದಿದ್ದರು, ಅವನು ಅಪರಿಚಿತನಾಗಿರಲಿಲ್ಲ. ಹಾಸ್ಟೆಲ್ಲಿನ ನೂರು ಹುಡುಗರ ಛತ್ರಿ ಅವನ ಕೈ ಹಾದುಹೋಗಿದ್ದವು. ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, ಇವರು ಇಂಥವರು, ಜಗುಲಿಯ ಹತ್ತಿರ ವಿಚಾರಿಸಿದರೆ ಯಾರಾದರೂ ಸಿಗಬಹುದು ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ಸಿದ್ದವ್ವ ಎಂಬುವಳು ಎಲ್ಲಾದರೂ ಇದ್ದಿದ್ದರೆ ಅವಳಿಗೆ ಸುದ್ದಿ ಮುಟ್ಟುತ್ತಿತ್ತು. ನನಗೆ ಹೆದರಿಕೆಯಾಯಿತು. ಟೇಬಲ್ಲಿನ ಮೇಲೆ ಇರುವುದು ಮನುಷ್ಯ ಎಂದು ಒಪ್ಪಿಕೊಂಡರೆ ನಾಳೆಯಿಂದ ನಾನು ಆ ಡಿಸೆಕ್ಷನ್ ಹಾಲ್‌ಗೆ ಕಾಲಿಡಲಾರೆ ಎಂಬ ಹೆದರಿಕೆ. ನಾಕ್ಸ್ ಅವರ ಹೆಸರನ್ನು ಎಡಿನ್‌ಬರೋದ ಮಕ್ಕಳು ಬೀದಿಪದದಲ್ಲಿ ಸೇರಿಸಿ ಹಾಡಿದರು, ಜನ ಅವರ ಪ್ರತಿಕೃತಿ ಸುಟ್ಟರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆ ವರ್ಷ ಅನಾಟಮಿಯಲ್ಲಿ ನನಗೆ ಒಳ್ಳೆಯ ಅಂಕ ಬಂತು.

ಆದ್ದರಿಂದ ಆ ಚಿತ್ರದ ಬಗ್ಗೆ ಮುಖ್ಯೋಪಾಧ್ಯಾಯಿನಿಯವರು ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ, ತಳ್ಳಿಹಾಕುವುದೂ ಇಲ್ಲ. ಸಾವಿನ ಎದುರು ನಗುವುದು ತಪ್ಪಲ್ಲ; ಡಿಸೆಕ್ಷನ್ ಹಾಲಿನಲ್ಲಿ ನಾವು ನಕ್ಕದ್ದರಿಂದಲೇ ಉಳಿದೆವು. ಆದರೆ ಚಿತ್ರದ ಕೊನೆಯಲ್ಲಿ ಬರ್ಕ್‌ನ ನಿಜವಾದ ಅಸ್ಥಿಪಂಜರವನ್ನು ತೋರಿಸುತ್ತಾರೆ. 1829ರ ಜನವರಿ 28ರಂದು ಅವನನ್ನು ಗಲ್ಲಿಗೇರಿಸಿ, ದೇಹವನ್ನು ಛೇದನಕ್ಕೆ ಕೊಟ್ಟು, ಎಲುಬುಗಳನ್ನು ನಿನ್ನ ವಿಶ್ವವಿದ್ಯಾಲಯದ ಅನಾಟಮಿ ಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ. ಕೊಂದವನಿಗೆ ಹೆಸರಿನ ಫಲಕವಿದೆ, ಕೊಲೆಯಾದವರ ಒಂದು ಎಲುಬೂ ಎಲ್ಲಿಯೂ ಕಾಣಸಿಗುವುದಿಲ್ಲ. ನನ್ನ ನಗು ನಿಂತದ್ದು ಆ ದೃಶ್ಯದಲ್ಲಿ.

ಇದನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಸಿನಿಮಾದ ಬಗ್ಗೆ ಎರಡು ಮಾತು ಬರೆದು, ಚಳಿಗಾಲದಲ್ಲಿ ಬರುವಾಗ ಏನು ತರಬೇಕೆಂದು ಪಟ್ಟಿ ಕೊಡುವುದಷ್ಟೇ ಮನಸ್ಸಿನಲ್ಲಿತ್ತು. ಪಟ್ಟಿ ಬೇಡ, ಒಂದು ಕೆಲಸ ಮಾಡು. ನಿನ್ನ ಊರಿನ ಆರ್ಥರ್ಸ್ ಸೀಟ್ ಗುಡ್ಡದಲ್ಲಿ 1836ರಲ್ಲಿ ಮೊಲದ ಬೇಟೆಗೆ ಹೋದ ಹುಡುಗರಿಗೆ ಒಂದು ಪೊಟರೆಯೊಳಗೆ ಹದಿನೇಳು ಪುಟ್ಟ ಶವಪೆಟ್ಟಿಗೆಗಳು ಸಿಕ್ಕವಂತೆ, ಒಂದೊಂದೂ ಬೆರಳುದ್ದ, ಒಳಗೆ ಬಟ್ಟೆ ತೊಡಿಸಿದ ಮರದ ಬೊಂಬೆ. ಎಂಟು ಮಾತ್ರ ಉಳಿದಿವೆ, ಚೇಂಬರ್ಸ್ ಸ್ಟ್ರೀಟಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ. ಕೊಲೆಯಾದ ಹದಿನಾರು ಜನ, ತಾನಾಗಿ ಸತ್ತ ಆ ಮುದುಕ, ಒಟ್ಟು ಹದಿನೇಳು ದೇಹ. ಮಣ್ಣು ಸಿಗದವರಿಗೆ ಯಾರೋ ಮಣ್ಣು ಕೊಟ್ಟದ್ದು ಎಂದು ಕೆಲವರ ಊಹೆ. ಸತ್ತವರಲ್ಲಿ ಹೆಂಗಸರೇ ಹೆಚ್ಚು, ಬೊಂಬೆಗಳು ಗಂಡಸರಂತಿವೆ ಎಂದು ಒಪ್ಪದವರೂ ಇದ್ದಾರೆ. ನನಗೆ ಆ ಊಹೆ ನಿಜವಾಗಿರಬೇಕು ಎಂದು ಆಸೆ. ನೀನು ಹೋಗಿ ನೋಡಿ, ಬೊಂಬೆಗಳ ಕೈ ಹೇಗಿವೆ ಎಂದು ನನಗೆ ಬರೆ.

ಅಲ್ಲಿಯ ಗಾಳಿಗೆ ಛತ್ರಿ ಒಂದು ವಾರವೂ ಬಾಳುವುದಿಲ್ಲ ಎಂದಿದ್ದೆಯಲ್ಲ, ನಿನ್ನ ಹಳೆಯದು ನಮ್ಮ ಮನೆಯ ಅಟ್ಟದಲ್ಲಿಯೇ ಇದೆ. ನಿನ್ನೆ ಇಳಿಸಿ ಬಿಚ್ಚಿದೆ. ಬಟ್ಟೆ ಹರಿದಿದೆ. ಅಜ್ಜ ಕಟ್ಟಿದ ಕಡ್ಡಿ ಗಟ್ಟಿಯಾಗಿದೆ. ಬರುವಾಗ ತೆಗೆದುಕೊಂಡು ಹೋಗುವಿಯಂತೆ.

ಪ್ರೀತಿಯಿಂದ,
ನಿನ್ನ ನಾಲ್ಕನೆಯ ಟೇಬಲ್ಲಿನವನು