ಓದಿದ್ದನ್ನು ಹೇಳುವ ಬಗೆ, ಓದುವುದನ್ನು ಗೊತ್ತುಮಾಡುವ ಬಗೆ

ಚಿ. ಸ್ವಾತಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಓದುಗರ ಕೂಟಕ್ಕೆ ಸೇರಿದ್ದೀಯ, ಮುಂದಿನ ಭಾನುವಾರ ಒಬ್ಬೊಬ್ಬರೂ ಈಚೆಗೆ ಓದಿದ್ದನ್ನು ಹೇಳಬೇಕು, ಈ ವರ್ಷದ ಗುರಿಯನ್ನೂ ಹೇಳಬೇಕು ಅಂತ ಬರೆದಿದ್ದೀಯ. ಜನವರಿಯಿಂದ ಮೂರು ತಿಂಗಳಲ್ಲಿ ಏಳು ಪುಸ್ತಕ ಮುಗಿಸಿದ್ದೀಯ, ಎಂಟನೆಯ ಕಾದಂಬರಿ ಅರ್ಧಕ್ಕೆ ನಿಂತಿದೆ, ವರ್ಷದ ಗುರಿ 52. ಏಳರ ಹೆಸರನ್ನೂ ಸಾಲಾಗಿ ಬರೆದು ಮುಂದೆ ‘ಚೆನ್ನಾಗಿದೆ’, ‘ತುಂಬಾ ಚೆನ್ನಾಗಿದೆ’ ಅಂತ ಹಾಕಿದ್ದನ್ನು ಓದಿ ಮನಸ್ಸು ತುಂಬಿತು. ಆದರೆ ಆ ಪಟ್ಟಿಯನ್ನು ಕೂಟದಲ್ಲಿ ಹಾಗೇ ಓದಿಬಿಡಬೇಡ. ಕೂತು ಕೇಳುವವರಿಗೆ ಬೇಕಾದದ್ದು, ಆ ಪುಸ್ತಕ ತಮಗೆ ಹೊಂದುತ್ತದೋ ಇಲ್ಲವೋ ಅಂತ ತೀರ್ಮಾನಿಸುವಷ್ಟು ಸಾಮಗ್ರಿ. ‘ತುಂಬಾ ಚೆನ್ನಾಗಿದೆ’ ಎಂಬ ಮಾತಿನಲ್ಲಿ ಅದು ಚೂರೂ ಇಲ್ಲ.

ಹೇಳುವ ತಯಾರಿ ಭಾನುವಾರ ಬೆಳಿಗ್ಗೆ ಆಗುವಂಥದ್ದಲ್ಲ, ಪುಸ್ತಕ ಮುಗಿದ ದಿನವೇ ಆಗಬೇಕು. ಕೊನೆಯ ಪುಟ ಓದಿ ಮುಚ್ಚಿಟ್ಟ ಮೇಲೆ, ಅದೇ ದಿನ ಅಥವಾ ಮಾರನೆಯ ದಿನದೊಳಗೆ, ಪುಸ್ತಕ ತೆರೆಯದೆ ಎಂಟು ಹತ್ತು ಸಾಲು ಬರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಅವು ಎಷ್ಟು ಬೇಗ ಮರೆತುಹೋಗುತ್ತವೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿ ನಡೆಯುತ್ತದೆ, ದಿನ ಕಳೆದಂತೆ ನಿಧಾನವಾಗುತ್ತದೆ. ಕಥೆಯೋ ಪ್ರಬಂಧವೋ ಅರ್ಥವಿರುವ ಬರಹವಾದ್ದರಿಂದ ಅಷ್ಟು ಬೇಗ ಅಳಿಯುವುದಿಲ್ಲ ನಿಜ, ಆದರೆ ಹೆಸರು, ಕ್ರಮ, ಯಾವ ಮಾತಿಗೆ ನೀನು ತಡೆದು ನಿಂತೆ ಎಂಬುದು ಮೊದಲು ಹೋಗುತ್ತವೆ. ಕೂಟದಲ್ಲಿ ಹೇಳಲಿಕ್ಕೆ ಬೇಕಾಗುವುದು ಅವೇ.

ಪುಸ್ತಕ ತೆರೆಯದೆ ಬರೆ ಅಂದದ್ದಕ್ಕೂ ಕಾರಣವಿದೆ. ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ಮುಂದಿದ್ದವರು ನೆನಪಿನಿಂದ ಬರೆದವರು. ಪುಟ ತಿರುವುತ್ತ ಟಿಪ್ಪಣಿ ಮಾಡಿದರೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಹತ್ತು ದಿನ ಬಿಟ್ಟು ನಾಲಗೆಗೆ ಏನೂ ಬರುವುದಿಲ್ಲ. ನೆನಪಿನಿಂದ ಬರೆದಾದ ಮೇಲೆ ಪುಸ್ತಕ ತೆರೆದು ತಪ್ಪು ತಿದ್ದಿಕೋ. ಎಲ್ಲಿ ತಪ್ಪಾಯಿತು ಎಂಬುದನ್ನೂ ಗುರುತು ಹಾಕು. ಬರೆದವರು ಅಸ್ಪಷ್ಟವಾಗಿಟ್ಟ ಜಾಗ ಅದಾಗಿರಬಹುದು, ನೀನು ನಿದ್ದೆಗಣ್ಣಲ್ಲಿ ಓದಿದ ಅಧ್ಯಾಯವೂ ಆಗಿರಬಹುದು. ಎರಡನೆಯದಾದರೆ ಆ ಅಧ್ಯಾಯವನ್ನು ಇನ್ನೊಮ್ಮೆ ಓದು.

ಟಿಪ್ಪಣಿ ಪುಸ್ತಕದ ಪುಟವನ್ನು ಗೆರೆ ಎಳೆದು ಎರಡು ಮಾಡು. ಎಡಕ್ಕೆ ಪುಸ್ತಕದ ಮಾತು, ಪುಟಸಂಖ್ಯೆಯ ಸಮೇತ, ಅಲ್ಪವಿರಾಮವೂ ತಪ್ಪದ ಹಾಗೆ. ಬಲಕ್ಕೆ ನಿನ್ನ ಮಾತು. ಇದನ್ನು ಹೊಸಬರು ಯಾರೂ ಮಾಡುವುದಿಲ್ಲ. ಆರು ತಿಂಗಳು ಕಳೆದ ಮೇಲೆ ಯಾವ ವಾಕ್ಯ ಲೇಖಕರದು, ಯಾವುದು ತಮ್ಮದು ಅಂತ ತಿಳಿಯದೆ, ಲೇಖಕರು ಹೇಳದ ಮಾತನ್ನು ಅವರ ಬಾಯಿಗೆ ತುರುಕುತ್ತಾರೆ. ನಡುವೆ ಏನಾದರೂ ಬಿಟ್ಟರೆ ಮೂರು ಚುಕ್ಕಿ ಹಾಕು, ಬಿಟ್ಟ ಭಾಗದಿಂದ ಅರ್ಥ ತಿರುಗುವುದಿಲ್ಲ ಅಂತ ಒಮ್ಮೆ ನೋಡಿಕೋ.

ಪುಟದ ನೆತ್ತಿಯಲ್ಲಿ ಪುಸ್ತಕದ ವಿವರ ಇರಲಿ: ಹೆಸರು, ಲೇಖಕರು, ಅನುವಾದಕರು, ಪ್ರಕಾಶನ, ಮುದ್ರಣದ ವರ್ಷ, ಪುಟಗಳು. ಒಂದೇ ಹೆಸರಿನ ಎರಡು ಮೂರು ಪುಸ್ತಕಗಳಿರುತ್ತವೆ. ಹುಡುಕಲು ಹೋದವರು ಬೇರೆಯದನ್ನು ತಂದು ಮೋಸ ಹೋಗುತ್ತಾರೆ. ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಐಎಸ್‌ಬಿಎನ್, ಇದ್ದರೆ ಬರೆದುಕೋ. 2007ರ ಜನವರಿಯಿಂದ ಅದು 13 ಅಂಕಿ, ಹಳೆಯ ಪುಸ್ತಕಗಳಲ್ಲಿ 10 ಇರುತ್ತದೆ, ಇನ್ನೂ ಹಳೆಯವಕ್ಕೆ ಇರುವುದೇ ಇಲ್ಲ. ‘ಮರುಮುದ್ರಣ’ ಅಂದರೆ ಅದೇ ಪಠ್ಯ ಮತ್ತೆ ಅಚ್ಚಾದದ್ದು. ‘ಪರಿಷ್ಕೃತ ಆವೃತ್ತಿ’ ಅಂದರೆ ಒಳಗಿನದು ಬದಲಾಗಿದೆ. ನೀನು ಓದಿದ್ದು ಒಂದು, ಎದುರಿನವರು ಓದಿದ್ದು ಇನ್ನೊಂದು ಆದಾಗ, ಇಲ್ಲದ ಅಧ್ಯಾಯದ ಮೇಲೆ ಜಗಳವಾಗುತ್ತದೆ. ಅನುವಾದವಾದರೆ ಅನುವಾದಕರ ಹೆಸರು ಹೇಳದೆ ಇರಲೇಬೇಡ, ಮಗಳೇ. ನೀನು ಮೆಚ್ಚಿದ ವಾಕ್ಯಗಳನ್ನು ಕಟ್ಟಿದವರು ಅವರೇ. ಮೂಲದಿಂದ ನೇರವಾಗಿ ಬಂದದ್ದೋ, ನಡುವೆ ಇನ್ನೊಂದು ಭಾಷೆ ಹಾದು ಬಂದದ್ದೋ ಎಂಬುದು ಸಾಮಾನ್ಯವಾಗಿ ಮುನ್ನುಡಿಯಲ್ಲೋ ಹಕ್ಕುಗಳ ಪುಟದಲ್ಲೋ ಇರುತ್ತದೆ.

ಇನ್ನು ಹೇಳುವ ವಿಚಾರ. ತಲಾ ಎಷ್ಟು ಹೊತ್ತು ಅಂತ ಮೊದಲೇ ಕೇಳಿಕೋ. ಮೂರು ನಿಮಿಷ ಅಂದರೆ, ಎಲ್ಲರಿಗೂ ಮುಟ್ಟುವ ಹಾಗೆ ನಿಧಾನವಾಗಿ ಮಾತಾಡಿದಾಗ, ಕೈಬರಹದಲ್ಲಿ ಹೆಚ್ಚೆಂದರೆ ಒಂದೂವರೆ ಪುಟ. ಅಷ್ಟರಲ್ಲಿ ಏಳು ಪುಸ್ತಕ ಹಿಡಿಯುವುದಿಲ್ಲ. ಒಂದನ್ನು ಆರಿಸು, ಉಳಿದವುಗಳ ಹೆಸರನ್ನು ಚೀಟಿಯಲ್ಲಿ ಬರೆದು ಬೇಕಾದವರಿಗೆ ಕೊಡು. ಹೊಸಬರಿಗೆ ಮೂರು ನಿಮಿಷವೂ ಕಥೆ ಹೇಳುವುದರಲ್ಲೇ ಮುಗಿದುಹೋಗುತ್ತದೆ. ‘ಒಂದು ಊರಲ್ಲಿ ಒಬ್ಬ’ ಅಂತ ಶುರುವಾದರೆ ನಿಲ್ಲಿಸುವ ಜಾಗವೇ ಸಿಗುವುದಿಲ್ಲ. ಕಥೆಗೆ ಎರಡೇ ವಾಕ್ಯ ಕೊಡು: ಯಾರು, ಎಲ್ಲಿ, ಯಾವ ಇಕ್ಕಟ್ಟಿನಲ್ಲಿ. ಆಮೇಲೆ ಪುಸ್ತಕದಿಂದ ಒಂದು ಪ್ಯಾರಾ ಗಟ್ಟಿಯಾಗಿ ಓದು, ಮುಕ್ಕಾಲು ನಿಮಿಷ ಸಾಕು. ಭಾಷೆ ಹೇಗಿದೆ ಅಂತ ನೀನು ಹತ್ತು ವಿಶೇಷಣ ಪೋಣಿಸುವುದಕ್ಕಿಂತ ಆ ಒಂದು ಪ್ಯಾರಾ ಹೆಚ್ಚು ತಿಳಿಸುತ್ತದೆ. ಮನೆಯಲ್ಲಿ ಎರಡು ಸಲ ಬಾಯಿಬಿಟ್ಟು ಓದಿ ನೋಡು. ಕಣ್ಣಿಗೆ ಚೆಂದ ಕಂಡ ಉದ್ದ ವಾಕ್ಯ ಉಸಿರಿಗೆ ನಿಲ್ಲದೆ ಹೋಗಬಹುದು.

ಕೊನೆಯ ನಿಮಿಷ ಬಹಳ ಮುಖ್ಯ. ಪುಸ್ತಕ ಎಲ್ಲಿ ಎಳೆಯುತ್ತದೆ, ಎಲ್ಲಿ ಓಡುತ್ತದೆ, ಯಾರಿಗೆ ಒಗ್ಗಲಿಕ್ಕಿಲ್ಲ ಅಂತ ಬಿಚ್ಚಿ ಹೇಳು. ‘ಮೊದಲ 60 ಪುಟ ಹೆಸರುಗಳ ಸಂತೆ, ವಂಶವೃಕ್ಷ ಬರೆದುಕೊಂಡರೆ ಸಲೀಸು’ ಅಂದರೆ ಒಬ್ಬರಾದರೂ ಆ 60 ಪುಟ ದಾಟುತ್ತಾರೆ. ಸಾವು, ಹಿಂಸೆ, ಮಕ್ಕಳ ನೋವು ತೀವ್ರವಾಗಿ ಬರುವ ಪುಸ್ತಕವಾದರೆ ಮೊದಲೇ ಸೂಚನೆ ಕೊಡು. ಕೇಳುವವರ ಮನೆಯಲ್ಲಿ ಏನು ನಡೆದಿದೆಯೋ ನಮಗೆ ಗೊತ್ತಿರುವುದಿಲ್ಲ.

ಕಾದಂಬರಿಯಲ್ಲಿ ಎಷ್ಟು ಬಿಟ್ಟುಕೊಡಬಹುದು ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಬೆನ್ನುಡಿಯಲ್ಲಿ ಇರುವುದನ್ನೂ ಮೊದಲ ಕಾಲುಭಾಗದಲ್ಲಿ ನಡೆಯುವುದನ್ನೂ ಧಾರಾಳವಾಗಿ ಹೇಳು. ಅದರಾಚೆಗಿನದಕ್ಕೆ ಎಲ್ಲರ ಒಪ್ಪಿಗೆ ಕೇಳು. ಗಟ್ಟಿಯಾಗಿ ಓದುವ ಪ್ಯಾರಾವನ್ನೂ ಆ ಕಾಲುಭಾಗದೊಳಗಿಂದಲೇ ಆರಿಸು. ಕಥಾಸಂಕಲನಕ್ಕೆ ಈ ಲೆಕ್ಕ ಸಲ್ಲದು. ಅಲ್ಲಿ ‘ಹದಿನಾಲ್ಕು ಕಥೆಗಳಿವೆ, ಮೂರನೆಯದನ್ನೂ ಒಂಬತ್ತನೆಯದನ್ನೂ ಮೊದಲು ಓದಿ’ ಅಂತ ಬಾಗಿಲು ತೋರಿಸಬೇಕು. ಕವನಸಂಕಲನವಾದರೆ ಒಂದು ಪದ್ಯ ಪೂರ್ತಿ ಓದಿ ಸುಮ್ಮನಾದರೂ ನಡೆಯುತ್ತದೆ. ಇತಿಹಾಸ, ವಿಜ್ಞಾನ, ಆರ್ಥಿಕತೆಯ ಪುಸ್ತಕವಾದರೆ ಅದು ಯಾವ ಪ್ರಶ್ನೆ ಎತ್ತಿಕೊಂಡಿದೆ, ಯಾವ ಆಧಾರದ ಮೇಲೆ ಉತ್ತರ ಕೊಡುತ್ತದೆ ಅಂತ ಹೇಳು. ಅಡಿಟಿಪ್ಪಣಿ, ಆಕರಗಳ ಪಟ್ಟಿ, ಪದಸೂಚಿ ಇವೆಯೇ ನೋಡು. ಮೊದಲ ಮುದ್ರಣದ ವರ್ಷ ಹೇಳಲು ಮರೆಯಬೇಡ. ಮೂವತ್ತು ವರ್ಷ ಹಳೆಯ ಖಗೋಳ ಪುಸ್ತಕದ ಭಾಷೆ ಹೊಸದರಂತೆಯೇ ಇರಬಹುದು, ಒಳಗಿನ ಎಷ್ಟೋ ಸಂಗತಿ ಬದಲಾಗಿರುತ್ತದೆ.

ಐದಕ್ಕೆ ಎಷ್ಟು ನಕ್ಷತ್ರ ಕೊಡಲಿ ಅಂತ ಕೇಳಿದ್ದೀಯ. ಕೊಡಬೇಡ ಅಂತಲೇ ನನ್ನ ಅಭಿಪ್ರಾಯ. ಹಿಡಿಸಬಹುದು ಅನ್ನಿಸಿದ ಪುಸ್ತಕವನ್ನೇ ನಾವು ಕೈಗೆತ್ತಿಕೊಳ್ಳುವುದು, ಹಿಡಿಸಿದ್ದನ್ನೇ ಕೊನೆಮುಟ್ಟಿಸುವುದು. ಹೀಗಾಗಿ ಅಂಕಗಳೆಲ್ಲ ಮೂರೂವರೆ, ನಾಲ್ಕರ ಸುತ್ತ ಗುಂಪುಗೂಡುತ್ತವೆ, ಒಂದರಿಂದ ಇನ್ನೊಂದಕ್ಕೆ ವ್ಯತ್ಯಾಸ ಕಾಣುವುದಿಲ್ಲ. ‘ಮತ್ತೆ ಓದುತ್ತೇನೆ’, ‘ಹತ್ತಿರ ಇಟ್ಟುಕೊಳ್ಳುತ್ತೇನೆ’, ‘ಬೇರೆಯವರಿಗೆ ದಾಟಿಸುತ್ತೇನೆ’ ಎಂಬ ಮೂರು ಮನೆ ಮಾಡಿಕೋ. ಅದನ್ನೂ ಪುಸ್ತಕ ಮುಗಿದು ಒಂದು ತಿಂಗಳಾದ ಮೇಲೆ ತುಂಬು. ಮುಗಿಸಿದ ದಿನದ ಬಿಸಿಯಲ್ಲಿ ಎಲ್ಲವೂ ಮೊದಲ ಮನೆಗೇ ಹೋಗುತ್ತವೆ.

ಗುರಿಯ ಮಾತಿಗೆ ಬರುತ್ತೇನೆ. ನಿನ್ನ 52ರ ಲೆಕ್ಕ ಹಾಕಿ ನೋಡಿದೆ. ಪುಸ್ತಕಕ್ಕೆ ಸರಾಸರಿ 240 ಪುಟ ಅಂತಿಟ್ಟುಕೊಂಡರೆ, ಮೂರು ತಿಂಗಳಲ್ಲಿ ನೀನು ಓದಿದ್ದು 1,680 ಪುಟ, ದಿನಕ್ಕೆ ಸುಮಾರು 19. ಉಳಿದ ಒಂಬತ್ತು ತಿಂಗಳಲ್ಲಿ 45 ಪುಸ್ತಕ ಆಗಬೇಕಾದರೆ 10,800 ಪುಟ, ದಿನಕ್ಕೆ 39. ಈಗಿನದರ ಎರಡರಷ್ಟು, ಅದೂ ಒಂದು ದಿನ ಬಿಡದೆ. ಓದುವ ವೇಗ ದುಪ್ಪಟ್ಟಾಗುವುದಿಲ್ಲ, ಬದಲಾಗುವುದು ಆಯ್ಕೆ. ಕೈ ತಾನಾಗಿ 100 ಪುಟದ ತೆಳು ಪುಸ್ತಕಗಳ ಕಡೆ ಹೋಗುತ್ತದೆ, 800 ಪುಟದ ಕಾದಂಬರಿ ಕಪಾಟಿನಲ್ಲೇ ಉಳಿಯುತ್ತದೆ, ಕವಿತೆಯನ್ನು ಸುದ್ದಿ ಓದಿದ ಹಾಗೆ ಓದುತ್ತೀಯ. ಇಪ್ಪತ್ತನಾಲ್ಕರ ವಯಸ್ಸಿಗೆ ದೊಡ್ಡ ಪುಸ್ತಕಗಳು ತಪ್ಪಿಹೋಗುವುದು ನನಗೆ ಸಂಕಟದ ವಿಷಯ. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಮೊದಲು ನಿನ್ನ ವೇಗ ಅಳೆ. ಕಾದಂಬರಿ, ಪ್ರಬಂಧ, ಗಂಭೀರ ಶಾಸ್ತ್ರಗ್ರಂಥ, ಮೂರನ್ನೂ ಇಪ್ಪತ್ತು ಇಪ್ಪತ್ತು ನಿಮಿಷ ಎಂದಿನಂತೆ ಓದಿ ಪುಟ ಎಣಿಸು. ಕಾದಂಬರಿ 12 ಪುಟ ಸಾಗಿದ ಹೊತ್ತಿಗೆ ಶಾಸ್ತ್ರಗ್ರಂಥ 5 ಪುಟ ಸಾಗಿದರೂ ಕುಂದಿಲ್ಲ. ಆಮೇಲೆ ಗುರಿಯನ್ನು ಹೊತ್ತಿನಲ್ಲಿ ಇಡು: ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಇಪ್ಪತ್ತು ನಿಮಿಷ. ಹತ್ತು ದಿನದಲ್ಲಿ ಎಂಟು ದಿನ ನಡೆದರೆ ಸಾಕು ಅಂತ ಮೊದಲೇ ಒಪ್ಪಿಕೋ. ದಿನಕ್ಕೆ 12 ಪುಟ, ವರ್ಷದಲ್ಲಿ 292 ದಿನ ಅಂದರೆ 3,504 ಪುಟ, 240 ಪುಟದ ಹದಿನಾಲ್ಕು ಪುಸ್ತಕ. ನಿನಗೆ ಈಗಲೇ ಅದಕ್ಕಿಂತ ಹೆಚ್ಚು ಸಾಗುತ್ತಿದೆ, ಹಾಗಾಗಿ ಇದನ್ನು ಯಾವ ಕಷ್ಟದ ತಿಂಗಳಿಗೂ ತಪ್ಪದ ತಳಪಾಯ ಅಂತ ಇಟ್ಟುಕೋ. ತಪ್ಪಿದ ದಿನದ ಪುಟಗಳನ್ನು ಸಾಲದ ಹಾಗೆ ಮರುದಿನದ ತಲೆಗೆ ಕಟ್ಟಬೇಡ. ನಾಲ್ಕು ದಿನದ ಬಾಕಿ ಕೂಡಿದರೆ ಐದನೆಯ ದಿನ ಪುಸ್ತಕ ಮುಟ್ಟಲೇ ಹೆದರಿಕೆಯಾಗುತ್ತದೆ. ಹೆಚ್ಚಿನ ಗುರಿಗಳು ಮುರಿಯುವುದು ಅಲ್ಲೇ.

ಹೊತ್ತಿನ ಜೊತೆಗೆ ದಿಕ್ಕನ್ನೂ ಗೊತ್ತುಮಾಡು. ವರ್ಷದಲ್ಲಿ ಮೂರು ಅನುವಾದ, ಒಂದು ನಾಟಕ, ಹಿಂದೆ ಓದಿದ್ದರಲ್ಲಿ ಎರಡರ ಮರುಓದು, ಗಂಧಗಾಳಿಯೂ ಇಲ್ಲದ ವಿಷಯದ ಮೇಲೆ ಒಂದು, ಮತ್ತೆ ಒಂದೇ ಒಂದು ಬೃಹತ್ ಕಾದಂಬರಿ. 800 ಪುಟ ಅಂದರೆ ದಿನಕ್ಕೆ 12ರಂತೆ 67 ದಿನ. ಒಂದೊಂದು ಭಾಗ ಮುಗಿದಾಗಲೂ ಮೂರು ಸಾಲು ಬರೆದಿಡು, ಪಾತ್ರಗಳ ಹೆಸರನ್ನು ಪುಟಗುರುತಿನ ಚೀಟಿಯ ಮೇಲೇ ಬರೆದುಕೋ. ವಾರ ತಪ್ಪಿ ಹಿಂತಿರುಗಿದರೂ ದಾರಿ ಸಿಗುತ್ತದೆ. ಜೊತೆಜೊತೆಗೆ ಎರಡು ಪುಸ್ತಕ ಓದಬಹುದು, ಎರಡೂ ಕಾದಂಬರಿ ಬೇಡ. ಕಿವಿಯಲ್ಲಿ ಕೇಳಿದ ಪುಸ್ತಕವೂ ಲೆಕ್ಕಕ್ಕೆ ಸೇರಲಿ, ಮುಂದೆ ‘ಕೇಳಿದ್ದು’ ಅಂತ ಬರೆ.

ಗುರಿಯನ್ನು ಕೂಟದಲ್ಲಿ ಹೇಳುವಾಗ ಒಂದು ಎಚ್ಚರ. ಪೀಟರ್ ಗೋಲ್ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನಾನು ಇಂಥವನಾಗಬೇಕು’ ಎಂಬ ಸಂಕಲ್ಪ ಇತರರ ಗಮನಕ್ಕೆ ಬಂದಾಗ, ಅದಕ್ಕಾಗಿ ಪಡುವ ಶ್ರಮ ಕಡಿಮೆಯಾಯಿತು. ಮೆಚ್ಚುಗೆ ಮುಂಗಡವಾಗಿ ಸಿಕ್ಕರೆ ಅರ್ಧ ಕೆಲಸ ಆಗಿಹೋದ ಹಾಗೆ ಅನ್ನಿಸುತ್ತದೆ. ಅದಕ್ಕೇ ‘ಈ ವರ್ಷ 52’ ಅಂತ ಸಾರುವ ಬದಲು ‘ರಾತ್ರಿ ಇಷ್ಟು ಹೊತ್ತಿಗೆ ಇಪ್ಪತ್ತು ನಿಮಿಷ, ಜೂನ್‌ವರೆಗೆ ಈ ದೊಡ್ಡ ಕಾದಂಬರಿ’ ಅಂತ ಹೇಳು, ಮುಂದಿನ ತಿಂಗಳು ಎಷ್ಟು ನಡೆಯಿತು, ಎಲ್ಲಿ ನಿಂತಿತು ಅಂತ ಕೇಳಲು ಒಬ್ಬರನ್ನು ಒಪ್ಪಿಸು.

ಬೇರೆಯವರು ಸೂಚಿಸಿದ ಪುಸ್ತಕಗಳ ಪಟ್ಟಿ ಕೂಟದಿಂದ ಕೂಟಕ್ಕೆ ಬೆಳೆಯುತ್ತದೆ. ಇಪ್ಪತ್ತಕ್ಕೆ ಕಟ್ಟೆ ಕಟ್ಟು. ಪ್ರತಿ ಹೆಸರಿನ ಮುಂದೆ ಯಾರು ಹೇಳಿದರು, ಏನೆಂದು ಹೇಳಿದರು, ತಾರೀಖು ಬರೆ. ಆರು ತಿಂಗಳಾದರೂ ಮನಸ್ಸು ಎಳೆಯದಿದ್ದರೆ ಅಳಿಸು. ಓದಿದರೆ, ಹೇಳಿದವರಿಗೆ ತಪ್ಪದೆ ತಿಳಿಸು, ಹಿಡಿಸದಿದ್ದರೂ. ನಿನ್ನ ರುಚಿ ಅವರಿಗೆ ತಿಳಿದಷ್ಟೂ ಮುಂದಿನ ಸೂಚನೆ ಚೆನ್ನಾಗಿರುತ್ತದೆ.

ಭಾನುವಾರಕ್ಕೆ ಯಾವುದನ್ನು ಆರಿಸಲಿ ಅಂತ ಕೇಳಿದ್ದೀಯಲ್ಲ, ಅರ್ಧಕ್ಕೆ ನಿಂತ ಆ ಎಂಟನೆಯದನ್ನು ಆರಿಸು. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹಾಕಿಕೊಟ್ಟ ಲೆಕ್ಕ ಒಂದಿದೆ: ಐವತ್ತು ವರ್ಷದೊಳಗಿನವರು ಪುಸ್ತಕಕ್ಕೆ 50 ಪುಟದ ಅವಕಾಶ ಕೊಡಬೇಕು; ಐವತ್ತು ದಾಟಿದವರು ನೂರರಲ್ಲಿ ತಮ್ಮ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ನೀನು 50 ಪುಟ ದಾಟಿ ಬಹಳ ದೂರ ಹೋಗಿದ್ದೀಯ, ಅಂದರೆ ಅಲ್ಲಿವರೆಗೆ ಏನೋ ಹಿಡಿದಿಟ್ಟಿತ್ತು, ಆಮೇಲೆ ಅದು ಕೈಬಿಟ್ಟಿತು. ‘ಪೂರ್ತಿ ಓದಿಲ್ಲ’ ಅಂತ ಮೊದಲ ವಾಕ್ಯದಲ್ಲೇ ಹೇಳಿ, ಹಿಡಿದದ್ದು ಯಾವುದು, ಬಿಟ್ಟದ್ದು ಎಲ್ಲಿ ಅಂತ ವಿವರಿಸು. ಆ ಕಾದಂಬರಿ ಮುಗಿಸಿದವರು ಅಲ್ಲಿ ಒಬ್ಬರಾದರೂ ಇದ್ದರೆ, ಮುಂದಿನ ಭಾಗ ಹೇಗೆ ತಿರುಗುತ್ತದೆ ಎಂಬುದನ್ನು ಕಥೆ ಒಡೆಯದೆ ಹೇಳಿ ಅಂತ ಕೇಳು. ನಾಳೆಯೇ ಪುಸ್ತಕ ಮುಚ್ಚಿಟ್ಟು ಆ ಹತ್ತು ಸಾಲು ಬರೆ, ಒಂದು ಪ್ರತಿ ನನಗೂ ಕಳಿಸು. ಯಾವ ಪುಟದಲ್ಲಿ ನಿಂತೆ ಅಂತ ಕಾಗದದಲ್ಲಿ ಬರೆದಿಲ್ಲ, ಅದನ್ನೂ ಬರೆ.

ಇಂತಿ,
ನಿನ್ನ ದೊಡ್ಡಮ್ಮ