ಶಾಲೆಯಿಂದ ಮನೆಗೆ ಬರುವ ಚೀಟಿಯ ಕನ್ನಡ

ಮಾನ್ಯ ಸಂಪಾದಕರೇ,

ಕಳೆದ ಡಿಸೆಂಬರಿನಲ್ಲಿ ನನ್ನ ಮಗಳು ಓದುವ ಶಾಲೆಯಿಂದ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸೂಚನೆ ಬಂತು: ‘ಪ್ರವಾಸದ ಶುಲ್ಕ ಪಾವತಿಸಿದ ಮಕ್ಕಳನ್ನು ಕರೆದೊಯ್ಯಲಾಗುವುದಿಲ್ಲ.’ ‘ಪಾವತಿಸದ’ ಎಂದಿರಬೇಕಾದ ಪದಕ್ಕೆ ಒಂದು ಗುಡಿಸು ಹೆಚ್ಚಾಗಿ ಸೇರಿಕೊಂಡದ್ದರಿಂದ ವಾಕ್ಯದ ಅರ್ಥವೇ ತಲೆಕೆಳಗಾಗಿತ್ತು. ಬಹಳ ಮಂದಿ ಪೋಷಕರು ಅದನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಓದಿ ಸುಮ್ಮನಾದರು. ಆದರೆ ನಮ್ಮ ಬೀದಿಯಲ್ಲಿ ಹೂ ಕಟ್ಟಿ ಮಾರುವ ತಾಯಿಯೊಬ್ಬರು ಫೋನ್ ಹಿಡಿದುಕೊಂಡು ನನ್ನ ಅಂಗಡಿಗೆ ಓಡಿ ಬಂದರು. ಮಹಿಳಾ ಸಂಘದಲ್ಲಿ ಸಾಲ ಎತ್ತಿ ಮಗನ ಪ್ರವಾಸಕ್ಕೆ ಹಣ ಕಟ್ಟಿದ್ದ ಅವರು, ‘ಅಕ್ಕಾ, ದುಡ್ಡು ಕಟ್ಟಿದವರನ್ನ ಕರ್ಕೊಂಡು ಹೋಗಲ್ವಂತೆ, ನಾನು ಕಟ್ಟಿಬಿಟ್ಟಿದೀನಲ್ಲ’ ಎಂದಾಗ ನನಗೆ ಸಂಕಟವಾಯಿತು. ಅವರ ಓದಿನಲ್ಲಿ ಯಾವ ತಪ್ಪೂ ಇರಲಿಲ್ಲ. ಶಾಲೆ ಬರೆದದ್ದನ್ನು ಬರೆದಂತೆಯೇ ಓದಿದ್ದರು.

ನಾನು ತಿಪಟೂರಿನಲ್ಲಿ 15 ವರ್ಷಗಳಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಅರ್ಜಿಗಳ ಜೊತೆಗೆ ಸುತ್ತಮುತ್ತಲಿನ ಶಾಲೆಗಳ ಸುತ್ತೋಲೆ, ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ತಿಳಿವಳಿಕೆ ಪತ್ರಗಳೂ ನನ್ನಲ್ಲಿ ಟೈಪಾಗುತ್ತವೆ. ಹೀಗಾಗಿ ಈ ಪತ್ರಗಳನ್ನು ಪೋಷಕಿಯಾಗಿಯೂ ಅಕ್ಷರ ಜೋಡಿಸುವವಳಾಗಿಯೂ ದಿನವೂ ನೋಡುತ್ತೇನೆ. ‘ವಿಧ್ಯಾರ್ಥಿ’, ‘ಶುಭಾಷಯ’, ‘ರಾಜೋತ್ಸವ’, ‘ದ್ರುಡೀಕರಣ’ ಎಂಬ ರೂಪಗಳು ಈಗ ಎಷ್ಟು ಸಾಮಾನ್ಯವಾಗಿವೆಯೆಂದರೆ, ಸರಿಯಾದ ರೂಪವನ್ನು ಟೈಪಿಸಿ ಕೊಟ್ಟಾಗ ಅದೇ ತಪ್ಪೆಂದು ವಾದಿಸಿದವರೂ ಇದ್ದಾರೆ. ವಾಕ್ಯಗಳ ಸ್ಥಿತಿಯೂ ಭಿನ್ನವಲ್ಲ. ‘ಪೋಷಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಆರಂಭವಾಗುವ ವಾಕ್ಯ ಆರು ಸಾಲು ಸಾಗಿ, ಕ್ರಿಯಾಪದವೇ ಇಲ್ಲದೆ ನಿಂತುಬಿಡುತ್ತದೆ; ಏನು ತಿಳಿಯಪಡಿಸಿದರೆಂಬುದು ಕೊನೆಗೂ ತಿಳಿಯುವುದಿಲ್ಲ.

ನನ್ನ ಕೆಲಸದ ಕಾರಣಕ್ಕೆ ಹೆಚ್ಚು ಕಣ್ಣಿಗೆ ಬೀಳುವ ತಪ್ಪು ಇನ್ನೊಂದಿದೆ. ಅರ್ಕಾವತ್ತು ಎಲ್ಲಿದೆಯೆಂದು ಕೀಲಿಮಣೆಯಲ್ಲಿ ಸಿಗದವರು ಅದರ ಜಾಗದಲ್ಲಿ ಕನ್ನಡದ ಒಂಬತ್ತನೆಯ ಅಂಕಿಯನ್ನು ಒತ್ತುತ್ತಾರೆ. ಅನುಸ್ವಾರಕ್ಕೆ ಬದಲಾಗಿ ಅಂಕಿಯ ಸೊನ್ನೆಯನ್ನು ಇಡುತ್ತಾರೆ. ‘ವಿದ್ಯಾಥಿ೯’, ‘ಕನಾ೯ಟಕ’, ‘ಅ೦ಕಪಟ್ಟಿ’ ಎಂಬುವು ದೂರದಿಂದ ನೋಡಿದರೆ ಸರಿಯಾಗಿಯೇ ಕಾಣುತ್ತವೆ, ಆದರೆ ಅಲ್ಲಿರುವುದು ಅಕ್ಷರವಲ್ಲ, ಅಂಕಿ. ಹೀಗೆ ಬರೆದ ಪದ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಬರಹವನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿಕೊಂಡಿರುವ ದೃಷ್ಟಿದೋಷವುಳ್ಳ ಪೋಷಕರಿಗೆ ಅದು ಸರಿಯಾಗಿ ಕೇಳಿಸುವುದೂ ಇಲ್ಲ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಶೈಲಿಯಲ್ಲಿ ಟೈಪಿಸಿದ್ದನ್ನು, ಎಲ್ಲ ಫೋನು ಕಂಪ್ಯೂಟರುಗಳೂ ಗುರುತಿಸುವ ಯೂನಿಕೋಡಿಗೆ ಬದಲಾಯಿಸದೆ ನೇರವಾಗಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗಲಂತೂ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಬಂದು ಬೀಳುತ್ತದೆ.

ನನ್ನ ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ಕಾಪಿ ಪುಸ್ತಕದಲ್ಲಿ ‘ವಿದ್ಯಾಥಿ೯’ ಎಂದೇ ಬರೆದಿದ್ದಳು. ಶಿಕ್ಷಕಿ ಅದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ತಿದ್ದಿದ್ದರು. ತಿದ್ದಿದ್ದು ಸರಿಯೇ. ಆದರೆ ಮಗು ನನ್ನನ್ನು ಕೇಳಿದ್ದು, ‘ಅಮ್ಮಾ, ಸ್ಕೂಲಿನ ಬೋರ್ಡಲ್ಲಿ ಹಂಗೇ ಬರೆದಿದಾರಲ್ಲ?’ ಎಂದು. ಮರುದಿನ ಹೋಗಿ ನೋಡಿದರೆ ಸೂಚನಾ ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಹಾಗೆಯೇ ಇತ್ತು. ಎಸ್‌ಎಸ್‌ಎಲ್‌ಸಿಯಲ್ಲಿ 125 ಅಂಕಗಳ ಪ್ರಥಮ ಭಾಷೆಯ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸುವ ಶಾಲೆ, ಕಾಗುಣಿತ ತಪ್ಪಿದರೆ ಅಂಕ ಹೋಗುತ್ತದೆ ಎಂದು ಎಚ್ಚರಿಸುವ ಶಾಲೆ, ತನ್ನದೇ ಗೋಡೆಯ ಮೇಲಿನ ಬರಹವನ್ನು ಒಮ್ಮೆ ನೋಡಬೇಕಿತ್ತು.

ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ತೊಂದರೆ ಸೇರಿಕೊಂಡಿದೆ. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳು ಸೂಚನೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು, ಫೋನಿನಲ್ಲಿರುವ ಅನುವಾದ ತಂತ್ರಾಂಶಕ್ಕೆ ಹಾಕಿ, ಬಂದದ್ದನ್ನು ಹಾಗೆಯೇ ರವಾನಿಸುತ್ತಿವೆ. ‘ನಿಮ್ಮ ವಾರ್ಡ್ ಅನ್ನು ಸಮಯಕ್ಕೆ ಸರಿಯಾಗಿ ಕಳುಹಿಸಿ’ ಎಂಬ ಸೂಚನೆಯನ್ನು ನಾನೇ ಓದಿದ್ದೇನೆ. ನಮ್ಮೂರಿನಲ್ಲಿ ವಾರ್ಡ್ ಎಂದರೆ ನಗರಸಭೆಯ ವಾರ್ಡ್. ಅದು ಮಗುವನ್ನು ಕುರಿತ ಮಾತೆಂದು ಎಷ್ಟು ಜನರಿಗೆ ಹೊಳೆಯಬೇಕು? ಮಳೆಯ ಕಾರಣಕ್ಕೆ ಒಂದು ದಿನದ ರಜೆ ಕೊಟ್ಟಾಗ ‘ಶಾಲೆಯನ್ನು ಮುಚ್ಚಲಾಗುವುದು’ ಎಂದು ಬಂದ ಸಂದೇಶವನ್ನು ಕಂಡು, ಮೊಮ್ಮಗಳನ್ನು ಸಾಕುತ್ತಿರುವ ಅಜ್ಜಿಯೊಬ್ಬರು ಶಾಲೆಯೇ ನಿಂತುಹೋಯಿತೆಂದು ತಿಳಿದರು. ಮಕ್ಕಳು ಕಡಿಮೆಯೆಂದು ಶಾಲೆಗಳು ಮುಚ್ಚಿದ ಸುದ್ದಿಯನ್ನು ಆಗಾಗ ಕೇಳುವ ಹಳ್ಳಿಯವರಿಗೆ ಹಾಗೆನಿಸಿದ್ದು ಸಹಜ. 2024ರ ಆಗಸ್ಟ್‌ನಲ್ಲಿ ನಡೆದ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಅನುವಾದ ಕೆಟ್ಟು, ಡಿಸೆಂಬರಿನಲ್ಲಿ ಮರುಪರೀಕ್ಷೆ ನಡೆಸಬೇಕಾಗಿ ಬಂದುದನ್ನು, ಅದರಲ್ಲಿಯೂ ತಪ್ಪುಗಳಿದ್ದುದನ್ನು ತಮ್ಮ ಓದುಗರು ಮರೆತಿರಲಾರರು. ಅಲ್ಲಿ ಅಭ್ಯರ್ಥಿಗಳು ಬೀದಿಗಿಳಿದು ಕೇಳಿದರು. ಒಂದನೆಯ ತರಗತಿಯ ಮಗುವಿನ ತಾಯಿ ಕೇಳುವುದಿಲ್ಲ. ತನಗೆ ಓದಲು ಬರುವುದಿಲ್ಲವೆಂದೇ ತಿಳಿದು ನಾಚಿಕೊಳ್ಳುತ್ತಾಳೆ.

ಇದನ್ನು ಬರೆಯುವಾಗ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಕಾರ ಹಕಾರಗಳು ಅದಲುಬದಲಾಗುವ ಆಡುಮಾತನ್ನು ನಾನು ಹೀಗಳೆಯುತ್ತಿಲ್ಲ. ನಮ್ಮ ತಂದೆ ಕೊನೆಯವರೆಗೂ ‘ಆಲು’, ‘ಅಣ್ಣು’ ಎಂದೇ ಹೇಳುತ್ತಿದ್ದರು. ಅವರ ಕನ್ನಡ ಯಾರ ಕನ್ನಡಕ್ಕೂ ಕಡಿಮೆಯಿರಲಿಲ್ಲ. ಮನೆಯಲ್ಲಿ, ಸಂತೆಯಲ್ಲಿ, ತರಗತಿಯಲ್ಲೂ ಸಹ ಅವರವರ ಸೀಮೆಯ ಮಾತು ಇರಲಿ. ಶಾಲೆಯ ಮುದ್ರೆ ಒತ್ತಿ, ಮುಖ್ಯಶಿಕ್ಷಕರ ಸಹಿ ಹಾಕಿ ನೂರಾರು ಮನೆಗಳಿಗೆ ಕಳುಹಿಸುವ ಬರಹದ ವಿಷಯ ಬೇರೆ. ಶಿಕ್ಷಕರ ಹೊರೆಯೂ ನನಗೆ ಗೊತ್ತಿದೆ. ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ ಭರ್ತಿ, ಚುನಾವಣೆ ಮತ್ತು ಸಮೀಕ್ಷೆಯ ಕೆಲಸಗಳ ನಡುವೆ ಪಾಠ ಮಾಡುವುದಕ್ಕೇ ಹೊತ್ತು ಸಾಲದ ಸರ್ಕಾರಿ ಶಾಲೆಯ ಮೇಷ್ಟ್ರು, ರಾತ್ರಿ ಒಂಬತ್ತಕ್ಕೆ ಹೆಬ್ಬೆರಳಿನಲ್ಲಿ ಟೈಪಿಸಿದ ಸಂದೇಶದಲ್ಲಿ ತಪ್ಪಾದರೆ ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ.

‘ಅರ್ಥವಾದರೆ ಸಾಕಲ್ಲವೇ’ ಎಂಬ ಉತ್ತರವನ್ನು ನಾನು ಹಲವು ಸಲ ಕೇಳಿದ್ದೇನೆ. ಯಾರಿಗೆ ಅರ್ಥವಾಗುತ್ತದೆ ಎಂಬುದನ್ನು ನೋಡಬೇಕು. ನಿತ್ಯ ಪತ್ರಿಕೆ ಓದುವವರು ಪದದ ಆಕಾರ ನೋಡಿಯೇ ಮುಂದೆ ಸಾಗುತ್ತಾರೆ, ತಪ್ಪು ಅವರನ್ನು ತಡೆಯುವುದಿಲ್ಲ. ಏಳನೆಯ ತರಗತಿಗೆ ಓದು ಬಿಟ್ಟು, ಇಪ್ಪತ್ತು ವರ್ಷಗಳ ನಂತರ ಮಗುವಿನ ಶಾಲೆಯ ಚೀಟಿಗಾಗಿಯೇ ಮತ್ತೆ ಅಕ್ಷರ ಕೂಡಿಸಿ ಓದುವ ತಾಯಿಗೆ ಹಾಗಲ್ಲ. ಆಕೆ ಒಂದೊಂದು ಅಕ್ಷರವನ್ನೂ ನಂಬಿ ಓದುತ್ತಾಳೆ. ಹೂವಿನ ಆ ತಾಯಿಯಂಥವರ ಮನೆಗೆ ಪತ್ರಿಕೆಯೂ ಬರುವುದಿಲ್ಲ, ಪುಸ್ತಕವೂ ಬರುವುದಿಲ್ಲ. ವರ್ಷವಿಡೀ ಬರುವ ಬರೆದ ಕನ್ನಡವೆಂದರೆ ಕರೆಂಟ್ ಬಿಲ್ಲು ಮತ್ತು ಶಾಲೆಯ ಸೂಚನೆ.

2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕು. ಹಾಗೆಂದ ಮೇಲೆ ಕನ್ನಡ ಕಲಿಸುವವರು ಶಾಲೆಯಲ್ಲಿ ಇದ್ದೇ ಇರುತ್ತಾರೆ. ಯಾವುದೇ ಸೂಚನೆ ಹೊರಗೆ ಹೋಗುವ ಮುನ್ನ ಅವರು ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ ಎಂಬುದಷ್ಟೇ ನನ್ನ ಕೋರಿಕೆ. ಸಂಶಯ ಬಂದ ಪದಕ್ಕೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲಿ ನಿಘಂಟುಗಳು ಉಚಿತವಾಗಿ ಸಿಗುತ್ತವೆ. ಅಷ್ಟಾದರೂ ತಪ್ಪು ಹೋಗಿದ್ದರೆ, ಸಂದೇಶವನ್ನು ಸದ್ದಿಲ್ಲದೆ ಅಳಿಸುವ ಬದಲು ಸರಿಪಡಿಸಿದ ಸೂಚನೆಯನ್ನು ಮತ್ತೆ ಕಳುಹಿಸಲಿ.

ಶಾಲೆಗಳು ಕಳುಹಿಸುವ ಸೂಚನೆಗಳು ಹೆಚ್ಚುಕಡಿಮೆ ಪ್ರತಿ ವರ್ಷವೂ ಅವೇ: ದಾಖಲಾತಿ, ಶುಲ್ಕ, ರಜೆ, ಪೋಷಕರ ಸಭೆ, ಪ್ರವಾಸ, ಕ್ರೀಡಾಕೂಟ, ಲಸಿಕೆ, ಪರೀಕ್ಷೆ, ವಾರ್ಷಿಕೋತ್ಸವ. ಇವುಗಳಿಗೆ ಚಿಕ್ಕ ಚಿಕ್ಕ ವಾಕ್ಯಗಳ ಶುದ್ಧ ಮಾದರಿಗಳನ್ನು ಒಮ್ಮೆ ಸಿದ್ಧಪಡಿಸಿ, ದಿನಾಂಕ, ಮೊತ್ತ ತುಂಬಲು ಜಾಗ ಬಿಟ್ಟು, ಯೂನಿಕೋಡಿನಲ್ಲಿ ಎಲ್ಲ ಶಾಲೆಗಳಿಗೂ ಹಂಚುವುದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ದೊಡ್ಡ ಕೆಲಸವಲ್ಲ. ನಮ್ಮ ತಾಲ್ಲೂಕಿನ ಕಚೇರಿ ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಇಬ್ಬರು ಕನ್ನಡ ಶಿಕ್ಷಕರಿಂದ ಅಂಥ ಮಾದರಿಗಳನ್ನು ಬರೆಸಿ ಕೊಟ್ಟರೆ, ಟೈಪಿಸಿ, ಕರಡು ತಿದ್ದಿ, ಯೂನಿಕೋಡಿಗೆ ಇಳಿಸಿಕೊಡುವ ಕೆಲಸವನ್ನು ನಾನು ಹಣ ಪಡೆಯದೆ ಮಾಡಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪೋಷಕಿ, ತಿಪಟೂರು